ಸೆಗಣಿ ಇದ್ದಿಲಿನಿಂದ ನೀರಿನ ಬಣ್ಣ ತೆಗೆಯುವುದು: ಕುಳ್ಳಿನಿಂದ ಕೊನೆಯ ರೀಡಿಂಗ್‌ವರೆಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಕಾಲೇಜುಗಳ ಬಿ.ಎಸ್ಸಿ. ಪ್ರಾಜೆಕ್ಟ್‌ಗಳಲ್ಲಿ, ಹೈಸ್ಕೂಲು ಮಕ್ಕಳ ವಿಜ್ಞಾನ ಪ್ರದರ್ಶನಗಳಲ್ಲಿ ಸೆಗಣಿ ಬಯೋಚಾರ್ (ಗಾಳಿ ತಾಕದಂತೆ ಕಾಯಿಸಿ ಮಾಡಿದ ಇದ್ದಿಲು) ಹಾಕಿ ನೀರಿನ ಬಣ್ಣ ತೆಗೆಯುವ ಪ್ರಯೋಗ ಪ್ರತಿ ವರ್ಷ ಬರುತ್ತದೆ. ದೂರುಗಳೂ ಪ್ರತಿ ವರ್ಷ ಅವೇ. ಅರ್ಧ ಗುಂಪುಗಳು ಬಂದು, "ಬಣ್ಣ ಹೋಗೋದು ಬಿಟ್ಟು ನೀರೇ ಕರ್ರಗ ಆಗ್ಯಾದ್ರಿ ಸರ್" ಅನ್ನುತ್ತವೆ. ಉಳಿದರ್ಧ, "ನಮ್ಮದು ನೂರಕ್ಕ ನೂರು ಹೋಗ್ಯಾದ್ರಿ" ಅನ್ನುತ್ತವೆ. ನನಗೆ ಹೆಚ್ಚು ಚಿಂತೆಯಾಗುವುದು ಎರಡನೆಯವರದ್ದು.

ಬಣ್ಣ ಕಣ್ಣಿಗೆ ಕಾಣದಂತಾಗುವುದು ಬೇರೆ, ಬಣ್ಣ ಇದ್ದಿಲಿಗೆ ಅಂಟುವುದು ಬೇರೆ. ಮೊದಲನೆಯದಕ್ಕೆ ಹತ್ತು ಕಾರಣ ಇರಬಹುದು. ಎರಡನೆಯದನ್ನು ತೋರಿಸಿದರೆ ಮಾತ್ರ ನಿಮ್ಮ ಬಯೋಚಾರ್ ಕೆಲಸ ಮಾಡಿದೆ ಎಂದರ್ಥ. ಕೆಳಗಿನ ಹಂತಗಳ ಅನುಕ್ರಮ ಅದಕ್ಕಾಗಿಯೇ ಇದೆ. ಒಂದನ್ನು ಹಾರಿಸಿ ಮುಂದಿನದಕ್ಕೆ ಹೋದರೆ ತಪ್ಪು ಅಲ್ಲಿ ಕಾಣುವುದಿಲ್ಲ, ಕೊನೆಗೆ ಗ್ರಾಫ್ ಎಳೆಯುವಾಗ ಕಾಣುತ್ತದೆ.

ಬೇಕಾಗುವ ಸಾಮಾನು

ಸುಡಲು: ಬಿಗಿ ಮುಚ್ಚಳದ ಎರಡು-ಮೂರು ಲೀಟರಿನ ಸ್ಟೀಲ್ ಡಬ್ಬಿ, ಅದು ಸಡಿಲವಾಗಿ ಕೂರುವಷ್ಟು ದೊಡ್ಡ ಕಬ್ಬಿಣದ ಡ್ರಮ್, ನಾಲ್ಕು ಇಟ್ಟಿಗೆ, ಒಣ ತೊಗರಿ ಕಟ್ಟಿಗೆ, ಉದ್ದ ಹಿಡಿಕೆಯ ಇಕ್ಕಳ, ದಪ್ಪ ಕೈಗವಸು. ಕಾಲೇಜಿನಲ್ಲಿ ಮಫಲ್ ಫರ್ನೇಸ್ (ಲ್ಯಾಬಿನ ಮುಚ್ಚಿದ ಕುಲುಮೆ) ಇದ್ದರೆ ಡ್ರಮ್ ಬೇಡ.

ತೊಳೆಯಲು ಮತ್ತು ಅಳೆಯಲು: 60 ಮತ್ತು 100 ಮೆಶ್ ಜರಡಿ, ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂದು ತೋರಿಸುವ ಪಿಎಚ್ ಮೀಟರ್ (ಇಲ್ಲದಿದ್ದರೆ ಪಿಎಚ್ ಪೇಪರ್), 0.01 ಗ್ರಾಂವರೆಗೆ ತೂಗುವ ತಕ್ಕಡಿ, ಹೈಡ್ರೋಕ್ಲೋರಿಕ್ ಆಮ್ಲ, ಡಿಸ್ಟಿಲ್ಡ್ ವಾಟರ್, ಮುಚ್ಚಳವಿರುವ 100 ಮಿ.ಲೀ. ಬಾಟಲಿಗಳು ಹದಿನೈದಾದರೂ, ಬೆಳಕು ಹಾಯಿಸಿ ಬಣ್ಣ ಎಷ್ಟಿದೆ ಎಂದು ಅಳೆಯುವ ಕಲರಿಮೀಟರ್ ಅಥವಾ ಸ್ಪೆಕ್ಟ್ರೋಫೋಟೋಮೀಟರ್, ಸಾಧ್ಯವಾದರೆ ಸೆಂಟ್ರಿಫ್ಯೂಜ್ (ಗರಗರ ತಿರುಗಿಸಿ ಪುಡಿಯನ್ನು ತಳಕ್ಕೆ ಕೂರಿಸುವ ಯಂತ್ರ).

ಸತುವಿನ ಲೇಪ ಇರುವ ಬಕೆಟ್ಟು, ಗ್ಯಾಲ್ವನೈಸ್ಡ್ ಡಬ್ಬಿ, ಪೇಂಟ್ ಡಬ್ಬಿ ಬೆಂಕಿಗೆ ಹಾಕಬೇಡಿ. ಸತುವಿನ ಹೊಗೆ ಕುಡಿದರೆ ಜ್ವರ, ನಡುಕ ಬರುತ್ತದೆ. ಪೇಂಟಿನ ಹೊಗೆ ಅದಕ್ಕಿಂತ ಕೆಟ್ಟದ್ದು.

ಹಂತ 1: ಮೊದಲು ಬಣ್ಣ ಆರಿಸಿ, ಸೆಗಣಿ ಆಮೇಲೆ

ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಇದ್ದಿಲು ಮಾಡಿ ಮುಗಿದ ಮೇಲೆ ಲ್ಯಾಬಿನ ಕಪಾಟಿನಲ್ಲಿ ಯಾವ ಬಣ್ಣ ಸಿಕ್ಕಿತೋ ಅದನ್ನೇ ಹಾಕುತ್ತಾರೆ.

ಬಣ್ಣಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೆಥಿಲೀನ್ ಬ್ಲೂ, ಮ್ಯಾಲಕೈಟ್ ಗ್ರೀನ್, ಕ್ರಿಸ್ಟಲ್ ವೈಲೆಟ್ ಇವು ನೀರಿನಲ್ಲಿ ಧನ ವಿದ್ಯುದಂಶ ಹೊತ್ತಿರುತ್ತವೆ. ಕಾಂಗೋ ರೆಡ್, ಮೀಥೈಲ್ ಆರೆಂಜ್ ಮತ್ತು ಹತ್ತಿ ಬಟ್ಟೆಗೆ ಹಾಕುವ ರಿಯಾಕ್ಟಿವ್ ಬಣ್ಣಗಳು ಋಣ ವಿದ್ಯುದಂಶ ಹೊತ್ತಿರುತ್ತವೆ. ಸಾಮಾನ್ಯ ನೀರಿನಲ್ಲಿ, ಚೆನ್ನಾಗಿ ತೊಳೆದ ಸೆಗಣಿ ಇದ್ದಿಲಿನ ಮೈ ಋಣದ ಕಡೆಗೇ ವಾಲಿರುತ್ತದೆ. ಹಾಗಾಗಿ ಅದು ಮೊದಲನೇ ಜಾತಿಯನ್ನು ಎಳೆದುಕೊಳ್ಳುತ್ತದೆ, ಎರಡನೆಯದನ್ನು ದೂರ ತಳ್ಳುತ್ತದೆ. "ರಿಯಾಕ್ಟಿವ್ ರೆಡ್ ಹಾಕಿದ್ವಿ, ಏನೂ ಆಗಲಿಲ್ಲ" ಎನ್ನುವವರಿಗೆ ಉತ್ತರ ಇಲ್ಲೇ ಇದೆ. ಇದ್ದಿಲಿನ ತಪ್ಪಲ್ಲ, ಜೋಡಿ ತಪ್ಪು.

ಮೊದಲ ಸಲಕ್ಕೆ ಮೆಥಿಲೀನ್ ಬ್ಲೂ ಬಿಟ್ಟು ಬೇರೆ ಬೇಡ. ಮ್ಯಾಲಕೈಟ್ ಗ್ರೀನ್ ಮತ್ತು ಕ್ರಿಸ್ಟಲ್ ವೈಲೆಟ್ ವಿಷಕಾರಿ, ಮೇಲಾಗಿ ಅವು ಮೋಸ ಮಾಡುವ ಬಣ್ಣಗಳು. ಆ ಮೋಸದ ಕತೆ ಹಂತ 9ರಲ್ಲಿದೆ. ಕಾಂಗೋ ರೆಡ್ ಬೆಂಜಿಡೀನ್‌ನಿಂದ ತಯಾರಾದ ಬಣ್ಣ, ಒಡೆದರೆ ಕ್ಯಾನ್ಸರ್ ತರುವ ಆ ಬೆಂಜಿಡೀನೇ ಹೊರಬರಬಹುದು. ಮಕ್ಕಳ ಕೈಗೆ ಕೊಡಲೇಬೇಡಿ. ರೋಡಮಿನ್-ಬಿ ಎಂಬ ಗುಲಾಬಿ ಬಣ್ಣದ ಬಗ್ಗೆ ಎಲ್ಲರಿಗೂ ಗೊತ್ತು: 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಅದನ್ನು ಹಾಕುವಂತಿಲ್ಲ ಎಂದಿತು. ಪ್ರದರ್ಶನದಲ್ಲಿ ಅದನ್ನು ತೋರಿಸಿದರೆ ಜನ ನಿಂತು ನೋಡುತ್ತಾರೆ ನಿಜ, ಆದರೆ ಕಲಿಯಲು ಅದು ಒಳ್ಳೆಯ ಬಣ್ಣವಲ್ಲ.

ಅಕ್ವೇರಿಯಂ ಅಂಗಡಿಯ ಮೆಥಿಲೀನ್ ಬ್ಲೂ ದ್ರಾವಣ ಲೆಕ್ಕಕ್ಕೆ ಬರುವುದಿಲ್ಲ, ಅದರ ಸಾಂದ್ರತೆ ಒಂದೊಂದು ಬಾಟಲಿಗೆ ಒಂದೊಂದು. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಪುಡಿಯನ್ನೇ ಕೊಳ್ಳಿ.

ಹಂತ 2: ಮಣ್ಣಿಲ್ಲದ ಸೆಗಣಿ

ತಿಪ್ಪೆಯಿಂದ ಬಾಚಿದ್ದು, ದನದ ಕೊಟ್ಟಿಗೆಯ ಮಣ್ಣು ನೆಲದಿಂದ ಕೆರೆದದ್ದು ಬೇಡ. ಮಣ್ಣು ಸುಡುವುದಿಲ್ಲ, ಇದ್ದಿಲಿನಲ್ಲಿ ಹಾಗೇ ಉಳಿದು ತೂಕ ಮಾತ್ರ ಹೆಚ್ಚಿಸುತ್ತದೆ. ನಮ್ಮ ಕಡೆಯ ಎರೆಮಣ್ಣು ಇನ್ನೂ ಒಂದು ತೊಂದರೆ ಕೊಡುತ್ತದೆ: ಅದರ ಜೇಡಿಯೇ ಮೆಥಿಲೀನ್ ಬ್ಲೂವನ್ನು ಚೆನ್ನಾಗಿ ಹಿಡಿಯುತ್ತದೆ. ಸುಟ್ಟ ಮೇಲೆ ಆ ಗುಣ ಬಹಳಷ್ಟು ಕುಗ್ಗಿದರೂ, ಬಣ್ಣ ಹಿಡಿದದ್ದು ಸೆಗಣಿಯೋ ಮಣ್ಣೋ ಎಂದು ಯಾರಾದರೂ ಕೇಳಿದರೆ ನಿಮ್ಮ ಬಳಿ ಉತ್ತರ ಇರುವುದಿಲ್ಲ.

ಪೇಟೆಯ ಬಿಡಾಡಿ ದನದ ಸೆಗಣಿಯಲ್ಲಿ ಪ್ಲಾಸ್ಟಿಕ್ ಚೂರು ಇರುತ್ತದೆ. ಮೇವು ತಿನ್ನುವ ಮನೆಯ ದನದ್ದು ತನ್ನಿ. ಬೀದರ್ ಕಡೆ ದೇವಣಿ ದನ ಸಾಕಿದವರ ಮನೆಯಲ್ಲಿ ಕೇಳಿದರೆ ಬೆಳಗಿನ ಹೊಸ ಸೆಗಣಿ ಸಿಕ್ಕೇ ಸಿಗುತ್ತದೆ. ನೆಲಕ್ಕೆ ಒಂದು ತಾಡಪತ್ರಿ ಹಾಸಿ ಅದರ ಮೇಲೆ ಬಿದ್ದದ್ದನ್ನು ತೆಗೆದರೆ ಇನ್ನೂ ಒಳ್ಳೆಯದು.

ಕೇಳಿದರೆ ನಾನು ಕುರಿ ಹಿಕ್ಕಿಯನ್ನೇ ಹೇಳುತ್ತೇನೆ. ಬೇಗ ಒಣಗುತ್ತದೆ, ಕಾಳಿನ ಆಕಾರದಲ್ಲೇ ಇದ್ದಿಲಾಗುತ್ತದೆ, ಒಡೆದುಕೊಂಡರೆ ಹಂತ 10ರ ಕೊಳವೆಗೆ ಹೇಳಿ ಮಾಡಿಸಿದಂತಿರುತ್ತದೆ. ಸುಗ್ಗಿಯ ನಂತರ ಹೊಲದಲ್ಲಿ ಕುರಿ ನಿಲ್ಲಿಸುವ ಕಡೆ ಒಂದು ಬುಟ್ಟಿ ಸಿಗುತ್ತದೆ, ಆದರೆ ರೈತರನ್ನು ಕೇಳಿ ತನ್ನಿ. ಗೊಬ್ಬರಕ್ಕೆಂದೇ ಅವರು ಕುರಿ ಕರೆಸಿರುತ್ತಾರೆ. ಕೋಳಿ ಗೊಬ್ಬರವೂ ಆಗುತ್ತದೆ, ಅದರಲ್ಲಿ ಬೂದಿ ಜಾಸ್ತಿ, ಹೊಟ್ಟು ಬೆರೆತಿರುತ್ತದೆ, ಸುಡುವಾಗ ವಾಸನೆ ಅಕ್ಕಪಕ್ಕದವರ ಜಗಳದವರೆಗೆ ಹೋಗುತ್ತದೆ.

ಹಂತ 3: ಒಣಗಿಸುವುದು

ಹೊಸ ಸೆಗಣಿಯಲ್ಲಿ ನೂರಕ್ಕೆ ಸುಮಾರು 80 ಪಾಲು ನೀರು. ಒಂದು ಕಿಲೋ ತಂದರೆ ಒಣಗಿದ ಮೇಲೆ 200 ಗ್ರಾಂ, ಅದರಿಂದ ಇದ್ದಿಲು 80ರಿಂದ 100 ಗ್ರಾಂ. ಈ ಲೆಕ್ಕ ಇಟ್ಟುಕೊಂಡೇ ತನ್ನಿ.

ಶಹಾಬಾದ್ ಪರಸಿ ಹಾಸಿದ ಮಾಳಿಗೆ ಇದ್ದರೆ ಬೆರಳ ದಪ್ಪಕ್ಕೆ ತಟ್ಟಿ ಹಾಕಿ. ಮಾರ್ಚ್‌ನಿಂದ ಮೇವರೆಗಿನ ಕಲಬುರಗಿ ಬಿಸಿಲಿಗೆ ಬೇರೆ ಯಂತ್ರ ಬೇಕಿಲ್ಲ. ಮಳೆಗಾಲದಲ್ಲಾದರೆ ಓವನ್‌ನಲ್ಲಿ 105 ಡಿಗ್ರಿಗೆ ಒಣಗಿಸಿ. ಮುರಿದಾಗ ಬಾಗದೆ ಟಪ್ಪೆಂದು ಮುರಿಯಬೇಕು. ಒಮ್ಮೆ ತೂಗಿ, ಮತ್ತೆ ಬಿಸಿಲಿಗಿಟ್ಟು ಮಾರನೆಯ ದಿನ ತೂಗಿದಾಗ ತೂಕ ಅಷ್ಟೇ ಇದ್ದರೆ ಒಣಗಿದೆ. ಬೂಷ್ಟು ಹಿಡಿದದ್ದನ್ನು ಬಿಸಾಡಿ.

ಹಂತ 4: ಸುಡುವುದಲ್ಲ, ಉಸಿರು ಕಟ್ಟಿಸಿ ಕಾಯಿಸುವುದು

ಒಲೆಯಲ್ಲಿ ಕುಳ್ಳು ಉರಿಸಿ ಉಳಿದ ಕಪ್ಪು ಚೂರು ಬಯೋಚಾರ್ ಅಲ್ಲ. ಗಾಳಿ ಸಿಕ್ಕಿದ ಕಡೆಯೆಲ್ಲ ಅದು ಬೂದಿಯಾಗಿರುತ್ತದೆ. ಸೆಗಣಿಯನ್ನು ಗಾಳಿ ತಾಕದಂತೆ ಡಬ್ಬಿಯೊಳಗಿಟ್ಟು, ಹೊರಗಿನಿಂದ 450ರಿಂದ 550 ಡಿಗ್ರಿಯವರೆಗೆ ಕಾಯಿಸಬೇಕು.

ಡಬ್ಬಿಯ ಮುಚ್ಚಳದ ನಡುವೆ ಮೊಳೆಯಿಂದ 3-4 ಮಿ.ಮೀ. ಅಗಲದ ಒಂದೇ ತೂತು ಹೊಡೆಯಿರಿ. ತೂತಿಲ್ಲದೆ ಮುಚ್ಚಿದರೆ ಒಳಗಿನ ಅನಿಲ ಡಬ್ಬಿಯನ್ನು ಸಿಡಿಸುತ್ತದೆ. ಈ ಲೇಖನದಲ್ಲಿ ಒಂದೇ ಒಂದು ಸಾಲು ನೆನಪಿಡುವುದಾದರೆ ಅದು ಇದೇ ಇರಲಿ. ತೂತು ದೊಡ್ಡದಾದರೆ ಗಾಳಿ ಒಳಗೆ ನುಗ್ಗಿ ಬೂದಿ ಮಾಡುತ್ತದೆ.

ಡಬ್ಬಿಯನ್ನು ಒಣ ಸೆಗಣಿ ಚೂರಿನಿಂದ ಕಂಠದವರೆಗೆ ತುಂಬಿ. ಖಾಲಿ ಜಾಗ ಬಿಟ್ಟಷ್ಟೂ ಒಳಗೆ ಗಾಳಿ. ಡ್ರಮ್ಮಿನ ಬುಡದಲ್ಲಿ ಗಾಳಿಗೆ ಮೂರು-ನಾಲ್ಕು ತೂತು ಇರಲಿ. ಇಟ್ಟಿಗೆಗಳ ಮೇಲೆ ಡಬ್ಬಿ ಇಟ್ಟು, ಸುತ್ತಲೂ ಮೇಲೂ ತೊಗರಿ ಕಟ್ಟಿಗೆ ಜೋಡಿಸಿ ಹೊತ್ತಿಸಿ. ಬಯಲಿನಲ್ಲಿ ಮಾಡಿ. ಕೋಣೆಯಲ್ಲಿ, ಪಡಸಾಲೆಯಲ್ಲಿ, ಶೆಡ್ಡಿನೊಳಗೆ ಬೇಡ, ಈ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇದೆ.

ಇನ್ನು ಹೊಗೆ ಓದುವುದು ಕಲಿಯಬೇಕು. ಮೊದಲು ತೂತಿನಿಂದ ಬಿಳಿ ಹಬೆ ಬರುತ್ತದೆ, ಅದು ಉಳಿದ ನೀರು. ನಂತರ ಹಳದಿ ಮಿಶ್ರಿತ ದಟ್ಟ ಹೊಗೆ, ಕಣ್ಣು ಉರಿಸುವಂಥದ್ದು, ಅದು ಡಾಂಬರು ಮತ್ತು ಅನಿಲ. ಆಮೇಲೆ ತೂತಿನ ಬಾಯಲ್ಲಿ ಅದೇ ಅನಿಲ ಹೊತ್ತಿಕೊಂಡು ಸಣ್ಣ ಜ್ವಾಲೆಯಾಗಿ ನಿಲ್ಲುತ್ತದೆ. ಹೊರಗಿನ ಬೆಂಕಿ ಇನ್ನೂ ಜೋರಾಗಿರುವಾಗಲೇ ಆ ಜ್ವಾಲೆ ತಾನಾಗಿ ಆರಿದರೆ ಒಳಗಿನ ಕೆಲಸ ಮುಗಿಯುತ್ತಾ ಬಂತು. ಅಲ್ಲಿಂದ ಇನ್ನೂ ಅರ್ಧ ಗಂಟೆ ಬೆಂಕಿ ಆರದಂತೆ ನೋಡಿಕೊಳ್ಳಿ. ಹೊರಗಿನ ಕಟ್ಟಿಗೆ ಮುಗಿದು ಬೆಂಕಿ ತಣ್ಣಗಾದ್ದರಿಂದ ಜ್ವಾಲೆ ಆರಿದರೆ ಅದು ಮುಗಿದಂತಲ್ಲ, ಅರೆಬೆಂದದ್ದು.

ಥರ್ಮೋಕಪಲ್ (ಬೆಂಕಿಯ ಬಿಸಿ ಅಳೆಯುವ ಸಾಧನ) ಇಲ್ಲದವರು ಮುಸ್ಸಂಜೆಯಲ್ಲಿ ಬೆಂಕಿ ಹಾಕಿ. ಕತ್ತಲಲ್ಲಿ ಡಬ್ಬಿಯ ಮೈ ಮಂದ ಕೆಂಪಗೆ ಕಾಣತೊಡಗುವುದು ಸುಮಾರು 525 ಡಿಗ್ರಿಗೆ. ಮಟಮಟ ಮಧ್ಯಾಹ್ನದಲ್ಲಿ ಆ ಕೆಂಪು ಕಾಣುವುದೇ ಇಲ್ಲ.

ಮಫಲ್ ಫರ್ನೇಸ್ ಇರುವವರಿಗೆ ಇಷ್ಟು ಸಾಕು: ಮುಚ್ಚಳವಿರುವ ಕ್ರೂಸಿಬಲ್ (ಬೆಂಕಿ ತಾಳುವ ಮೂಸೆ) ತುಂಬ ಸೆಗಣಿ, ನಿಮಿಷಕ್ಕೆ 10 ಡಿಗ್ರಿಯಂತೆ ಏರಿಕೆ, 500 ಡಿಗ್ರಿಯಲ್ಲಿ ಒಂದರಿಂದ ಎರಡು ಗಂಟೆ, ಹೊಗೆ ಹೋಗಲು ಎಕ್ಸಾಸ್ಟ್ ಫ್ಯಾನ್.

ಇಷ್ಟೆಲ್ಲ ಸರಿಯಾಗಿ ಮಾಡಿ ಕೊನೆಗೆ ಆತುರಪಟ್ಟು ಕೆಡಿಸುವವರೇ ಬಹಳ. ಬಿಸಿ ಡಬ್ಬಿಯ ಮುಚ್ಚಳ ತೆಗೆದ ಕ್ಷಣ ಇದ್ದಿಲು ಕೆಂಡವಾಗುತ್ತದೆ, ನೋಡನೋಡುತ್ತ ಮೇಲ್ಪದರ ಬೂದಿ. ರಾತ್ರಿಯಿಡೀ ಹಾಗೇ ಬಿಟ್ಟು, ಬರಿಗೈಲಿ ಮುಟ್ಟುವಷ್ಟು ತಣ್ಣಗಾದ ಮೇಲೆ ತೆಗೆಯಿರಿ. ತೆಗೆದದ್ದನ್ನು ಒಂದು ದಿನ ಲೋಹದ ಡಬ್ಬಿಯಲ್ಲಿಡಿ, ಪ್ಲಾಸ್ಟಿಕ್ ಚೀಲದಲ್ಲಿ ಬೇಡ. ಹೊಸ ಇದ್ದಿಲು ಗಾಳಿ ಹೀರುವಾಗ ತಾನಾಗಿ ಬಿಸಿಯಾಗುವುದುಂಟು.

ಹಂತ 5: ಬಂದದ್ದು ಇದ್ದಿಲೋ ಅಲ್ಲವೋ

ತೂಗಿ ನೋಡಿ. 100 ಗ್ರಾಂ ಒಣ ಸೆಗಣಿಗೆ 40ರಿಂದ 50 ಗ್ರಾಂ ಬಂದರೆ ಸರಿ. 30ಕ್ಕಿಂತ ಕಡಿಮೆ ಬಂದರೆ ಗಾಳಿ ಹೊಕ್ಕಿದೆ. 60 ದಾಟಿದರೆ ಅರೆಬೆಂದಿದೆ, ಇಲ್ಲವೇ ಮಣ್ಣು ತುಂಬಿದೆ. ಎರಡರಲ್ಲಿ ಯಾವುದು ಎಂದು ತಿಳಿಯಲು 1 ಗ್ರಾಂ ಇದ್ದಿಲನ್ನು ತೆರೆದ ಕ್ರೂಸಿಬಲ್‌ನಲ್ಲಿ 600 ಡಿಗ್ರಿಗೆ ಪೂರ್ತಿ ಬೂದಿಯಾಗುವವರೆಗೆ ಸುಡಿ. ಸೆಗಣಿ ಇದ್ದಿಲಿನಲ್ಲಿ ಅರ್ಧದಷ್ಟು ಬೂದಿ ಬಂದರೂ ಗಾಬರಿ ಬೇಡ. ಮುಕ್ಕಾಲು ಗ್ರಾಂ ಉಳಿದರೆ ಮಾತ್ರ ಆ ಸೆಗಣಿ ಬಿಟ್ಟು ಬೇರೆ ತನ್ನಿ.

ಕೈಗೆ ಉಜ್ಜಿಕೊಳ್ಳಿ. ಒಳ್ಳೆಯ ಇದ್ದಿಲು ಬರೀ ನೀರಿನಲ್ಲಿ ತೊಳೆದರೆ ಹೋಗುತ್ತದೆ. ಜಿಡ್ಡುಜಿಡ್ಡಾಗಿ ಸೋಪು ಬೇಡಿದರೆ ಡಾಂಬರು ಉಳಿದಿದೆ, ಮತ್ತೆ ಸುಡಿ. ಕಂದು ಬಣ್ಣದ ಚೂರನ್ನು ಒಂದೊಂದಾಗಿ ಆರಿಸಿ ತೆಗೆಯಿರಿ. ನೀರಿಗೆ ಚಹಾ ಬಣ್ಣ ಬಿಡುವುದು ಅವೇ.

ಹಂತ 6: ಪುಡಿ, ಜರಡಿ, ತೊಳೆತ

"ನೀರೇ ಕರ್ರಗ ಆಗ್ಯಾದ್ರಿ" ಎಂಬ ದೂರಿಗೆ ಪರಿಹಾರ ಪೂರ್ತಿ ಈ ಹಂತದಲ್ಲಿದೆ.

ಒರಳಿನಲ್ಲಿ ಕುಟ್ಟುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಕುಟ್ಟಿದ್ದನ್ನು 60 ಮೆಶ್ ಜರಡಿಯಲ್ಲಿ ಜಾಲಿಸಿ, ಕೆಳಗೆ ಬಿದ್ದದ್ದನ್ನು 100 ಮೆಶ್‌ಗೆ ಹಾಕಿ. ಎರಡರ ನಡುವೆ ಉಳಿದದ್ದು, ಅಂದರೆ 0.15ರಿಂದ 0.25 ಮಿ.ಮೀ. ಗಾತ್ರದ್ದು, ಬಾಟಲಿ ಪ್ರಯೋಗಕ್ಕೆ. 100 ಮೆಶ್ ದಾಟಿದ ಧೂಳನ್ನು ಬಳಸಬೇಡಿ. ಧೂಳು ಬಣ್ಣವನ್ನು ಬೇಗ ಹಿಡಿಯುತ್ತದೆ, ಆದರೆ ನೀರಿನಿಂದ ಬೇರ್ಪಡುವುದಿಲ್ಲ, ಕಲರಿಮೀಟರಿನ ಬೆಳಕನ್ನೂ ತಡೆದು ಸುಳ್ಳು ರೀಡಿಂಗ್ ಕೊಡುತ್ತದೆ.

ಈಗ ತೊಳೆತ. ಸೆಗಣಿ ಇದ್ದಿಲಿನಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಫಾಸ್ಫೇಟ್, ಕಾರ್ಬೊನೇಟ್ ತುಂಬಿರುತ್ತವೆ. ತೊಳೆಯದೆ ಹಾಕಿದರೆ ನೀರಿನ ಪಿಎಚ್ 9-10ಕ್ಕೆ ಏರುತ್ತದೆ. ಮೊದಲು ಬಿಸಿನೀರಿನಲ್ಲಿ ಕಲಕಿ, ತಳ ಕೂತ ಮೇಲೆ ಮೇಲಿನ ನೀರು ಚೆಲ್ಲಿ. ನೀರು ತಿಳಿಯಾಗುವವರೆಗೆ ಹೀಗೇ ಮಾಡಿ.

ಆಮೇಲೆ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ. ಲ್ಯಾಬಿನ ಸಾಂದ್ರ ಆಮ್ಲ ಸುಮಾರು 8.5 ಮಿ.ಲೀ. ಅಳೆದು, ಮುಕ್ಕಾಲು ಲೀಟರ್ ನೀರಿಗೆ ಹಾಕಿ, ನಂತರ ಒಂದು ಲೀಟರಿಗೆ ತುಂಬಿಸಿ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ. ಒಂದು ಗ್ರಾಂ ಇದ್ದಿಲಿಗೆ 20 ಮಿ.ಲೀ. ಸುರಿದರೆ ನೊರೆ ಬುಸುಬುಸು ಏಳುತ್ತದೆ, ಅದು ಕಾರ್ಬೊನೇಟ್ ಒಡೆಯುವುದು. ಹಾಗಾಗಿ ಬೀಕರ್ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಅರ್ಧ ಗಂಟೆಯ ನಂತರ ಪಿಎಚ್ ನೋಡಿ. 3ಕ್ಕಿಂತ ಮೇಲೇರಿದ್ದರೆ ಆಮ್ಲ ಸತ್ತಿದೆ, ಅದನ್ನು ಚೆಲ್ಲಿ ಹೊಸದು ಹಾಕಿ. ಪರಸಿ ಹಾಸಿದ ನೆಲದ ಮೇಲೆ ಈ ಕೆಲಸ ಮಾಡಬೇಡಿ, ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ ಆದ್ದರಿಂದ ಹನಿ ಬಿದ್ದಲ್ಲಿ ಅದೂ ನೊರೆಯೆದ್ದು ಕಲೆ ಉಳಿಯುತ್ತದೆ.

ಕೊನೆಗೆ ಡಿಸ್ಟಿಲ್ಡ್ ವಾಟರಿನಲ್ಲಿ ಪಿಎಚ್ 6.5-7 ಬರುವವರೆಗೆ ಜಾಲಿಸಿ. ತೊಳೆದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿದಾಗ ಬೆಳ್ಳಗಾದರೆ ಕ್ಲೋರೈಡ್ ಇನ್ನೂ ಇದೆ. 105 ಡಿಗ್ರಿಗೆ ಒಣಗಿಸಿ, ಗಾಜಿನ ಬಾಟಲಿಗೆ ತುಂಬಿ, ದಿನಾಂಕ ಬರೆದು ಚೀಟಿ ಅಂಟಿಸಿ.

ಕಾಸ್ಟಿಕ್ ಪೊಟ್ಯಾಷ್ ಹಾಕಿ 700-800 ಡಿಗ್ರಿಗೆ ಮತ್ತೆ ಸುಟ್ಟು ಶಕ್ತಿ ಹೆಚ್ಚಿಸುವ ವಿಧಾನ ಪ್ರಬಂಧಗಳಲ್ಲಿ ಓದಿರುತ್ತೀರಿ. ಮನೆಯಲ್ಲೂ ಹೈಸ್ಕೂಲಿನಲ್ಲೂ ಅದು ಬೇಡ.

ಹಂತ 7: ನೀರು ಮತ್ತು ಬಣ್ಣದ ದ್ರಾವಣ

ಬೋರ್‌ವೆಲ್ ನೀರಿನಲ್ಲಿ ಬಣ್ಣ ಕಲಸುವುದು ನಮ್ಮ ಭಾಗದ ಖಾಸಾ ತಪ್ಪು. ಸೇಡಂ, ಚಿತ್ತಾಪುರ, ಶಹಾಬಾದ್ ಸುತ್ತ ನೆಲದಡಿ ಸುಣ್ಣದ ಕಲ್ಲು, ಸಿಮೆಂಟ್ ಕಾರ್ಖಾನೆಗಳು ಅಲ್ಲಿಗೆ ಬಂದದ್ದೇ ಅದಕ್ಕೆ. ಅಂಥ ನೀರು ಗಡಸು. ಲೀಟರಿಗೆ 400 ಮಿ.ಗ್ರಾಂ ಗಡಸುತನ ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿ 4 ಮಿಲಿಮೋಲ್ (ಕಣಗಳ ಎಣಿಕೆಯ ಅಳತೆ). ನೀವು ಹಾಕುವ 50 ಮಿ.ಗ್ರಾಂ ಮೆಥಿಲೀನ್ ಬ್ಲೂ ಬರೀ 0.16 ಮಿಲಿಮೋಲ್. ಇದ್ದಿಲಿನ ಮೇಲಿನ ಒಂದೊಂದು ಜಾಗಕ್ಕೂ ಬಣ್ಣದ ಎದುರು 25 ಪಟ್ಟು ಪೈಪೋಟಿ. ನಲ್ಲಿ ನೀರಿನಲ್ಲಿ ಬೇರೆ ತೊಂದರೆ: ಕ್ಲೋರಿನ್ ಬಣ್ಣವನ್ನು ತಾನೇ ಬಿಳುಪು ಮಾಡುತ್ತದೆ.

ಡಿಸ್ಟಿಲ್ಡ್ ವಾಟರೇ ಬಳಸಿ. ಕಾಲೇಜಿನಲ್ಲಿ ಸಿಗದಿದ್ದರೆ ಬ್ಯಾಟರಿ ಅಂಗಡಿಯಲ್ಲಿ ಕ್ಯಾನಿನಲ್ಲಿ ಸಿಗುತ್ತದೆ. ಚೀಟಿ ಓದಿ ತನ್ನಿ. ಪಕ್ಕದಲ್ಲೇ ಬ್ಯಾಟರಿ ಆಸಿಡ್ಡಿನ ಕ್ಯಾನೂ ಇರುತ್ತದೆ.

0.05 ಗ್ರಾಂ ಬಣ್ಣವನ್ನು 0.01 ಗ್ರಾಂ ತಕ್ಕಡಿಯಲ್ಲಿ ತೂಗಿದರೆ ನೂರಕ್ಕೆ 20ರಷ್ಟು ತಪ್ಪು ಬರಬಹುದು. ಅದರ ಬದಲು 1.00 ಗ್ರಾಂ ತೂಗಿ ಒಂದು ಲೀಟರಿಗೆ ಕರಗಿಸಿ, ಅದರಿಂದ 50 ಮಿ.ಲೀ. ತೆಗೆದು ಮತ್ತೊಂದು ಲೀಟರಿಗೆ ತುಂಬಿ. ಈಗ ಲೀಟರಿಗೆ 50 ಮಿ.ಗ್ರಾಂ ಇರುವ ದ್ರಾವಣ ಸಿದ್ಧ. ಬಣ್ಣ ಕೈಗೆ ತಾಕಿದರೆ ಕೆಲವು ದಿನ ಹೋಗುವುದಿಲ್ಲ, ಬಾಯಿಗಂತೂ ಹೋಗಬಾರದು. ಗ್ಲೌಸ್ ಹಾಕಿ.

ಹಂತ 8: ಬಾಟಲಿ ಪ್ರಯೋಗ, ಅಳತೆ, ಲೆಕ್ಕ

ಪ್ರತಿ ಬಾಟಲಿಗೆ 50 ಮಿ.ಲೀ. ದ್ರಾವಣ, 0.10 ಗ್ರಾಂ ಇದ್ದಿಲು. 5, 15, 30, 60, 120, 180 ನಿಮಿಷಕ್ಕೆ ಒಂದೊಂದು ಪ್ರತ್ಯೇಕ ಬಾಟಲಿ ಇಡಿ. ಒಂದೇ ಬಾಟಲಿಯಿಂದ ಆಗಾಗ ತೆಗೆದರೆ ನೀರೂ ಇದ್ದಿಲೂ ಕಡಿಮೆಯಾಗುತ್ತ ಹೋಗಿ ಲೆಕ್ಕ ತಪ್ಪುತ್ತದೆ. ಶೇಕರ್ ಇದ್ದರೆ ನಿಮಿಷಕ್ಕೆ 120-150 ಸುತ್ತು. ಇಲ್ಲದಿದ್ದರೆ ಎಲ್ಲ ಬಾಟಲಿಗಳನ್ನೂ ಒಂದೇ ಟ್ರೇನಲ್ಲಿಟ್ಟು ಬಿಡದೆ ಅಲುಗಾಡಿಸಿ, ಜನ ಸರದಿಯಲ್ಲಿ ಬದಲಾಗಲಿ.

ಜೊತೆಗೆ ಎರಡು ಸಾಕ್ಷಿ ಬಾಟಲಿ ಕಡ್ಡಾಯ. ಒಂದರಲ್ಲಿ ಬಣ್ಣ ಮಾತ್ರ, ಇದ್ದಿಲಿಲ್ಲ. ಇನ್ನೊಂದರಲ್ಲಿ ಡಿಸ್ಟಿಲ್ಡ್ ವಾಟರ್ ಮತ್ತು ಇದ್ದಿಲು, ಬಣ್ಣವಿಲ್ಲ. ಪರೀಕ್ಷಕರು ಮೊದಲು ಕೇಳುವುದು ಇವೆರಡನ್ನೇ, ವಿದ್ಯಾರ್ಥಿಗಳು ಮೊದಲು ಬಿಡುವುದೂ ಇವೆರಡನ್ನೇ.

ಸಮಯವಾದ ಮೇಲೆ ಇದ್ದಿಲು ಬೇರ್ಪಡಿಸಬೇಕು. ಫಿಲ್ಟರ್ ಪೇಪರಿನಲ್ಲಿ ಸೋಸಿದರೆ ಕಾಗದವೇ ಮೆಥಿಲೀನ್ ಬ್ಲೂ ಹೀರುತ್ತದೆ. ಸೋಸಿದ ಕಾಗದವನ್ನು ಬೆಳಕಿಗೆ ಹಿಡಿದರೆ ನೀಲಿ ಉಂಗುರ ಕಣ್ಣಿಗೇ ಕಾಣುತ್ತದೆ. ಹತ್ತಿಯೂ ಹಾಗೇ. ಸೆಂಟ್ರಿಫ್ಯೂಜ್ ಇದ್ದರೆ ನಿಮಿಷಕ್ಕೆ 4000 ಸುತ್ತಿನಂತೆ 10 ನಿಮಿಷ. ಇಲ್ಲವೇ ಇಲ್ಲ ಎನ್ನುವವರು ಪೇಪರಿನಲ್ಲೇ ಸೋಸಿ, ಮೊದಲ 15-20 ಮಿ.ಲೀ. ಚೆಲ್ಲಿ ನಂತರದ್ದನ್ನು ತೆಗೆದುಕೊಳ್ಳಿ, ಇದ್ದಿಲಿಲ್ಲದ ಬಣ್ಣವನ್ನೂ ಹಾಗೇ ಸೋಸಿ ಕಾಗದ ಎಷ್ಟು ತಿಂದಿತು ಎಂದು ಬರೆದಿಡಿ.

ಕಲರಿಮೀಟರಿನಲ್ಲಿ ಕೆಂಪು ಫಿಲ್ಟರ್, ಸ್ಪೆಕ್ಟ್ರೋದಲ್ಲಿ 664 ನ್ಯಾನೋಮೀಟರ್. ಲೀಟರಿಗೆ 1 ಮಿ.ಗ್ರಾಂ ಇರುವ ದ್ರಾವಣಕ್ಕೆ 1 ಸೆಂ.ಮೀ. ಅಗಲದ ಪುಟ್ಟ ಗಾಜಿನ ಪಾತ್ರೆಯಾದ ಕ್ಯುವೆಟ್‌ನಲ್ಲಿ ಸ್ಪೆಕ್ಟ್ರೋ ಬೆಳಕಿನ ಹೀರಿಕೆ (ಅಬ್ಸಾರ್ಬೆನ್ಸ್) ಸುಮಾರು 0.2 ತೋರಿಸುತ್ತದೆ. ಅಂದರೆ 5 ಮಿ.ಗ್ರಾಂಗೆ ಸುಮಾರು 1. ಅಲ್ಲಿಂದ ಮೇಲೆ ರೇಖೆ ಬಾಗುತ್ತದೆ. ಆದ್ದರಿಂದ 0, 1, 2, 3, 4, 5 ಮಿ.ಗ್ರಾಂ ದ್ರಾವಣಗಳಿಂದ ನೇರ ಗೆರೆ ಎಳೆದುಕೊಂಡು, 50ರ ದ್ರಾವಣವನ್ನು ಹತ್ತು ಪಟ್ಟು ತೆಳು ಮಾಡಿ ಓದಿ, ಬಂದದ್ದನ್ನು 10ರಿಂದ ಗುಣಿಸಿ. ತೆಳು ಮಾಡದೆ ಓದಿ "ಆರಂಭದಲ್ಲಿ 12 ಮಿ.ಗ್ರಾಂ ಇತ್ತು" ಎಂದು ಬರೆದ ರಿಪೋರ್ಟುಗಳಿಗೆ ಬರವಿಲ್ಲ. ಪ್ರತಿ ಸಲ ಕ್ಯುವೆಟ್ ತೊಳೆಯಿರಿ, ಗಾಜಿಗೂ ಈ ಬಣ್ಣ ಅಂಟುತ್ತದೆ.

ಲೆಕ್ಕ ಸರಳ. ಆರಂಭದ ಸಾಂದ್ರತೆಯಿಂದ ಕೊನೆಯದನ್ನು ಕಳೆದು, ಲೀಟರಿನಲ್ಲಿ ನೀರಿನ ಪ್ರಮಾಣದಿಂದ ಗುಣಿಸಿ, ಇದ್ದಿಲಿನ ಗ್ರಾಂನಿಂದ ಭಾಗಿಸಿ. 50 ಇದ್ದದ್ದು 6ಕ್ಕೆ ಇಳಿಯಿತು ಎಂದುಕೊಳ್ಳಿ: 44 × 0.05 ÷ 0.10 = 22. ಒಂದು ಗ್ರಾಂ ಇದ್ದಿಲು 22 ಮಿ.ಗ್ರಾಂ ಬಣ್ಣ ಹಿಡಿದಿದೆ, ಶೇಕಡಾ 88 ಹೋಗಿದೆ. ಬರೀ ಶೇಕಡಾ ಬರೆಯಬೇಡಿ. ಇದ್ದಿಲು ಮುಷ್ಟಿ ಮುಷ್ಟಿ ಸುರಿದರೆ ಯಾರಿಗಾದರೂ 99 ಬರುತ್ತದೆ.

ಎಲ್ಲ ಬಾಟಲಿಗಳಲ್ಲೂ ಪೂರ್ತಿ ಬಣ್ಣ ಹೋದರೆ ಇದ್ದಿಲಿನ ತಾಕತ್ತು ಎಷ್ಟೆಂದು ತಿಳಿಯುವುದೇ ಇಲ್ಲ. ಆಗ ಇದ್ದಿಲನ್ನು ಅರ್ಧ ಮಾಡಿ, ಇಲ್ಲವೇ ದ್ರಾವಣವನ್ನು 100, 200ಕ್ಕೆ ಏರಿಸಿ. ಸ್ವಲ್ಪ ಬಣ್ಣ ಉಳಿದ ಪ್ರಯೋಗವೇ ಹೆಚ್ಚು ಮಾತಾಡುತ್ತದೆ.

ಹಂತ 9: ಸುಳ್ಳು ಗೆಲುವು ಹಿಡಿಯುವುದು

"ನೂರಕ್ಕ ನೂರು" ಬಂದವರು ಸಂಭ್ರಮಪಡುವ ಮೊದಲು ಇಲ್ಲಿ ನಿಲ್ಲಬೇಕು.

ಮ್ಯಾಲಕೈಟ್ ಗ್ರೀನ್, ಕ್ರಿಸ್ಟಲ್ ವೈಲೆಟ್ ಕ್ಷಾರದಲ್ಲಿ ತಾವಾಗಿಯೇ ಬಣ್ಣ ಕಳೆದುಕೊಳ್ಳುತ್ತವೆ. ತೊಳೆಯದ ಸೆಗಣಿ ಇದ್ದಿಲು ಪಿಎಚ್ ಏರಿಸಿದರೆ ನೀರು ತಿಳಿಯಾಗುತ್ತದೆ, ಬಣ್ಣದ ಅಣು ಮಾತ್ರ ನೀರಿನಲ್ಲೇ ಇರುತ್ತದೆ. ಇದ್ದಿಲಿಲ್ಲದ ಬಾಟಲಿಯನ್ನು ಅದೇ ಪಿಎಚ್‌ಗೆ ತಂದು ನೋಡಿ. ಅಲ್ಲೂ ಬಣ್ಣ ಹೋದರೆ ನಿಮ್ಮ ಇದ್ದಿಲು ಏನೂ ಮಾಡಿಲ್ಲ.

ಮೆಥಿಲೀನ್ ಬ್ಲೂಗೆ ಬೇರೆ ಚಾಳಿ. ಗಾಳಿಯಾಡದ ಬಾಟಲಿಯಲ್ಲಿ ಆಮ್ಲಜನಕ ಕಸಿಯುವ ಪದಾರ್ಥವಿದ್ದರೆ ಅದು ಬಣ್ಣವಿಲ್ಲದ ರೂಪಕ್ಕೆ ತಿರುಗುತ್ತದೆ. ಇದ್ದಿಲು ತೆಗೆದ ನೀರನ್ನು ಮುಚ್ಚಳ ತೆಗೆದು ಚೆನ್ನಾಗಿ ಕುಲುಕಿ. ನೀಲಿ ಮರಳಿ ಬಂತೋ, ಬಣ್ಣ ಅಲ್ಲೇ ಇತ್ತು ಎಂದಾಯಿತು. ಇನ್ನು ಬಿಸಿಲು: ಕಿಟಕಿ ಪಕ್ಕದ ಬಾಟಲಿ ಇದ್ದಿಲಿಲ್ಲದೆಯೂ ಮಾಸುತ್ತದೆ. ಬಾಟಲಿಗಳನ್ನು ಕಪಾಟಿನಲ್ಲಿಡಿ.

ಗಟ್ಟಿ ಸಾಕ್ಷಿ ಬೇಕಾದರೆ ಬಣ್ಣ ಹಿಡಿದ ಇದ್ದಿಲನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಒಮ್ಮೆ ಜಾಲಿಸಿ, ಸ್ವಲ್ಪ ಸ್ಪಿರಿಟ್ಟಿಗೆ ನಾಲ್ಕು ಹನಿ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ ಅದರಲ್ಲಿ ಕುಲುಕಿ. ಸ್ಪಿರಿಟ್ ನೀಲಿಯಾದರೆ ಬಣ್ಣ ಇದ್ದಿಲಿನಲ್ಲೇ ಇತ್ತು. ಪೂರ್ತಿ ಬರುವುದಿಲ್ಲ, ಆದರೆ ಬಂದಷ್ಟು ಸಾಕು. ಸ್ಪಿರಿಟ್ ಪಕ್ಕದಲ್ಲಿ ಬರ್ನರ್ ಉರಿಯುತ್ತಿರಬಾರದು.

ಹಂತ 10: ಹರಿಯುವ ನೀರಿಗೆ ಕೊಳವೆ

ಬಾಟಲಿ ಪ್ರಯೋಗ ಗಟ್ಟಿಯಾದ ಮೇಲೆ ಮಾತ್ರ ಇದಕ್ಕೆ ಬನ್ನಿ. 2.5 ಸೆಂ.ಮೀ. ಒಳವ್ಯಾಸದ ಪಾರದರ್ಶಕ ಪೈಪ್, ಕೆಳಗೆ ತೊಳೆದ ಸಣ್ಣ ಕಲ್ಲು, ಅದರ ಮೇಲೆ ತೊಳೆದ ಮರಳು, ಮೇಲೆ 15 ಸೆಂ.ಮೀ. ಇದ್ದಿಲು, ತುದಿಗೆ ಮತ್ತೆ ಮರಳು. ಇಲ್ಲಿ 0.5ರಿಂದ 1 ಮಿ.ಮೀ. ಗಾತ್ರದ ಇದ್ದಿಲು ಬೇಕು. ಸಣ್ಣ ಪುಡಿ ಹಾಕಿದರೆ ನೀರು ಇಳಿಯುವುದೇ ಇಲ್ಲ.

ಇದ್ದಿಲನ್ನು ಒಣದಾಗಿ ಸುರಿಯಬೇಡಿ. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಪೈಪಿನಲ್ಲಿ ಅರ್ಧ ನೀರು ಇರುವಾಗ ಸ್ವಲ್ಪಸ್ವಲ್ಪವಾಗಿ ಇಳಿಬಿಡಿ, ಪೈಪಿಗೆ ಬೆರಳಿನಿಂದ ತಟ್ಟುತ್ತಿರಿ. ಗಾಳಿಗುಳ್ಳೆ ಉಳಿದರೆ ನೀರು ಅದರ ಪಕ್ಕದಲ್ಲೇ ದಾರಿ ಮಾಡಿಕೊಂಡು ಹೋಗುತ್ತದೆ. ಪ್ರಯೋಗ ಮುಗಿಯುವವರೆಗೂ ನೀರಿನ ಮಟ್ಟ ಇದ್ದಿಲಿಗಿಂತ ಮೇಲೇ ಇರಲಿ.

ಹರಿವು ಹಿಡಿತದಲ್ಲಿಡಲು ಔಷಧ ಅಂಗಡಿಯ ಹೊಸ ಸಲೈನ್ ಸೆಟ್‌ಗಿಂತ ಅಗ್ಗದ ಸಾಧನವಿಲ್ಲ. 20 ಹನಿಗೆ 1 ಮಿ.ಲೀ. ಎಂದು ಪ್ಯಾಕೆಟ್ಟಿನ ಮೇಲೆ ಬರೆದಿರುವುದನ್ನು ಕೊಳ್ಳಿ. ನಿಮಿಷಕ್ಕೆ 40 ಹನಿ ಬಿಟ್ಟರೆ 2 ಮಿ.ಲೀ. ಹೊರಬರುವ ನೀರನ್ನು ಅರ್ಧ ಗಂಟೆಗೊಮ್ಮೆ ಓದಿ. ಒಳಹೋಗುವ ಸಾಂದ್ರತೆಯ ಹತ್ತನೇ ಒಂದು ಭಾಗ ಹೊರಗೆ ಕಂಡರೆ ಆ ಕೊಳವೆಯ ಕೆಲಸ ಮುಗಿದಂತೆ. ಮೊದಲ ಹನಿಗಳಲ್ಲೇ ಬಣ್ಣ ಬಂದರೆ ಇದ್ದಿಲು ಬಣ್ಣದಿಂದ ತುಂಬಿಹೋದದ್ದಲ್ಲ, ನಡುವೆ ನೀರಿಗೆ ದಾರಿ ಬಿದ್ದಿದೆ. ಬಿಚ್ಚಿ ಮತ್ತೆ ತುಂಬಿ.

ಹಂತ 11: ನಿಜವಾದ ಬಣ್ಣದ ನೀರು

ಬಣ್ಣ ಹಾಕುವವರ ತೊಟ್ಟಿಯ ನೀರನ್ನು ತಂದು ನೇರ ಕೊಳವೆಗೆ ಬಿಡುವವರಿದ್ದಾರೆ. ಹತ್ತಿಗೆ ರಿಯಾಕ್ಟಿವ್ ಬಣ್ಣ ಹಾಕಿದ ನೀರಿನಲ್ಲಿ ಲೀಟರಿಗೆ ಹತ್ತಾರು ಗ್ರಾಂ ಉಪ್ಪು, ಸೋಡಾ, ಸೋಪು ಇರುತ್ತವೆ, ಪಿಎಚ್ 10-11. ಬಣ್ಣವೂ ಋಣ ಜಾತಿಯದು. ಇಲ್ಲಿ ಸೆಗಣಿ ಇದ್ದಿಲು ಒಂದೇ ನಂಬಬೇಡಿ. ಮೊದಲು ಪಿಎಚ್ 6-7ಕ್ಕೆ ಇಳಿಸಿ, ಪಟಿಕ ಹಾಕಿ ಕಲಕಿ ತಳ ಕೂರಿಸಿ, ತಿಳಿ ನೀರನ್ನು ಮಾತ್ರ ಇದ್ದಿಲಿಗೆ ಬಿಡಿ. ಪಟಿಕ ಎಷ್ಟು ಎಂಬುದನ್ನು ಸಾಲಾಗಿ ಲೋಟಗಳಲ್ಲಿ ಹೆಚ್ಚು-ಕಡಿಮೆ ಹಾಕಿ ನೋಡಿಯೇ ಗೊತ್ತು ಮಾಡಬೇಕು. ಕಾರ್ಖಾನೆ ಪ್ರದೇಶದ ಹಳ್ಳದ ನೀರನ್ನು ವಿದ್ಯಾರ್ಥಿಗಳ ಕೈಯಲ್ಲಿ ತರಿಸಬೇಡಿ, ಅದರಲ್ಲಿ ಬಣ್ಣದ ಜೊತೆ ಇನ್ನೇನಿದೆಯೋ ಹೇಳಲಾಗದು.

ತಿಳಿಯಾದ ನೀರು ಕುಡಿಯುವ ನೀರಲ್ಲ. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಬಣ್ಣ ಒಂದು ಸಾಲು ಮಾತ್ರ. ಯಾದಗಿರಿ, ಕಲಬುರಗಿಯ ಹಲವು ಊರುಗಳ ಫ್ಲೋರೈಡ್ ಕಣ್ಣಿಗೆ ಕಾಣುವುದೂ ಇಲ್ಲ, ಈ ಇದ್ದಿಲಿಗೆ ಹೇಳಿಕೊಳ್ಳುವಷ್ಟು ಸಿಗುವುದೂ ಇಲ್ಲ.

ಹಂತ 12: ಬಳಸಿದ ಇದ್ದಿಲು ಎಲ್ಲಿಗೆ

ಹೊಲಕ್ಕೆ ಹಾಕಬೇಡಿ. ಬಯೋಚಾರ್ ಮಣ್ಣಿಗೆ ಒಳ್ಳೆಯದು ಎಂದು ಓದಿದವರು ಬಣ್ಣ ಹಿಡಿದದ್ದನ್ನೂ ತೊಗರಿ ಬುಡಕ್ಕೆ ಸುರಿಯುತ್ತಾರೆ. ಮಳೆ ಬಿದ್ದರೆ ಆ ಬಣ್ಣದಲ್ಲಿ ಒಂದಿಷ್ಟು ಮತ್ತೆ ನೀರಿಗೇ ಬರುತ್ತದೆ. ಒಲೆಯಲ್ಲಿ, ತಿಪ್ಪೆಯಲ್ಲಿ ಸುಡುವುದೂ ಬೇಡ. ಅರೆಬರೆ ಉರಿಯಲ್ಲಿ ಬಣ್ಣದ ಅಣು ಒಡೆದು ಬರುವ ಹೊಗೆ ಬಣ್ಣಕ್ಕಿಂತ ಕೆಟ್ಟದ್ದಿರಬಹುದು.

ಒಣಗಿಸಿ, ಮುಚ್ಚಳದ ಡಬ್ಬಿಗೆ ತುಂಬಿ, ಯಾವ ಬಣ್ಣ, ಎಷ್ಟು ಗ್ರಾಂ, ಯಾವ ದಿನ ಎಂದು ಬರೆದು ಲ್ಯಾಬಿನ ರಾಸಾಯನಿಕ ಕಸದ ಜೊತೆ ಇಡಿ. ಹೈಸ್ಕೂಲಿನವರು ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ವಿಭಾಗಕ್ಕೆ ಒಪ್ಪಿಸಿದರೆ ಸಾಕು. ಉಳಿದ ನೀಲಿ ದ್ರಾವಣವನ್ನು ಮೋರಿಗೆ ಚೆಲ್ಲುವ ಮೊದಲು ಇದ್ದ ಇದ್ದಿಲನ್ನೆಲ್ಲ ಅದಕ್ಕೆ ಹಾಕಿ, ಒಂದು ರಾತ್ರಿ ಬಿಟ್ಟು, ಕಲರಿಮೀಟರಿನಲ್ಲಿ ಓದಿ, ಸೊನ್ನೆಗೆ ಹತ್ತಿರ ಬಂದ ಮೇಲೆ ಚೆಲ್ಲಿ.